ಮೀಸೆ ಮೂಡಿದ ಹಿತ್ತಿಲವ್ವ

ಒದ್ದೆ ಕಾಗದಕ್ಕೆ ಮಸಿ ತಾಗಿದ ವಾಸನೆ ಬಂದರೆ ಈಗಲೂ ನನ್ನ ಕೈಬೆರಳುಗಳು ಕುಣಿಯುತ್ತವೆ.

ನಾನಾಗ ನಮ್ಮೂರು ತಳಿಯ ಶಾಲೆಯಲ್ಲಿ ಒಂಬತ್ತನೇ ತರಗತಿ. ಶಿಲ್ಪದ ಚರಿತ್ರೆಯನ್ನು ಓದಿದರೆ ಸಾಲದು, ಕೈಯಿಂದ ಮುಟ್ಟಬೇಕು ಎನ್ನುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಒಂದು ಮಧ್ಯಾಹ್ನ ಇಡೀ ಕ್ಲಾಸನ್ನು ನಮ್ಮ ಹಿತ್ತಿಲಿಗೇ ಕರೆತಂದರು. ಅಲ್ಲಿದ್ದ ಹಳೇ ಕಲ್ಲಿನ ಕೆತ್ತನೆಯನ್ನು ಮಸಿಯಿಂದ ಕಾಗದದ ಮೇಲೆ ಅಚ್ಚು ತೆಗೆಯಬೇಕಿತ್ತು. ಅಜ್ಜಿಗೆ ಅದು ಹಿತ್ತಿಲವ್ವ. ಪ್ರತಿ ಹಬ್ಬಕ್ಕೂ ಎಣ್ಣೆ ಹಚ್ಚಿ ಸೀರೆ ಉಡಿಸುತ್ತಿದ್ದಳು.

“ಅವ್ವನ ಮೈಗೆ ಮಸಿ ಬಳೀತೀರಾ ಮೇಷ್ಟ್ರೇ?” ಎಂದು ಅಡ್ಡ ನಿಂತಳು.

“ಮಸಿ ಕಾಗದಕ್ಕಷ್ಟೇ ಅಜ್ಜಿ, ಕಲ್ಲಿಗೆ ತಾಗಲ್ಲ.”

“ಹಂಗಾದ್ರೆ ಸ್ನಾನ ನಾನೇ ಮಾಡುಸ್ತೀನಿ.”

ಸೀಗೆಪುಡಿ ಹಾಕಿ ತಿಕ್ಕಿ ಜಿಡ್ಡೆಲ್ಲ ಬಿಡಿಸಿದಳು. ಆದರೂ ಸವೆದ ಕಲ್ಲಿನಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಬಟ್ಟೆಯುಂಡೆಯಿಂದ ಮಸಿ ಒತ್ತತೊಡಗಿದೆವು. ಕತ್ತಿ ಮೂಡಿತು! ಕುದುರೆ ಮೂಡಿತು! ನಾನು ಒತ್ತಿದ ಜಾಗದಲ್ಲಿ ಹುರಿಮೀಸೆ!

“ಅಜ್ಜೀ, ಅವ್ವಂಗೆ ಮೀಸೆ ಐತೆ!” ಎಂದು ಕೂಗಿಬಿಟ್ಟೆ. ಕ್ಲಾಸೆಲ್ಲ ಗೊಳ್ಳೆಂದಿತು.

ಮೇಷ್ಟ್ರು ಮೆಲ್ಲಗೆ, “ಇದು ವೀರಗಲ್ಲು ಅಜ್ಜಿ. ಊರಿಗೋಸ್ಕರ ಹೋರಾಡಿ ಸತ್ತವನದು,” ಎಂದರು.

ಅಜ್ಜಿ ಕಾಗದವನ್ನೇ ನೋಡುತ್ತಾ ನಿಂತಳು. “ಯಾರ್ ಮನೆ ಮಗನೋ, ಇಷ್ಟ್ ವರ್ಷ ಸೀರೆ ಉಡ್ಸಿದ್ರೂ ಸುಮ್ನಿದ್ದ ನೋಡ್ಲಾ,” ಎಂದು ನನಗೆ ಹೇಳಿ ಒಳಗೆ ಹೋದಳು. ತಾತ ತೀರಿಕೊಂಡ ಮೇಲೆ ಯಾರೂ ಮುಟ್ಟದಿದ್ದ ಜರಿ ಪಂಚೆಯನ್ನು ಪೆಟ್ಟಿಗೆಯಿಂದ ತಂದು ಅವನಿಗೆ ಉಡಿಸಿದಳು.