ಲಿಫ್ಟಿನ ಕೆಂಪು ಬಟನ್

ನೆಲಮಹಡಿ ಬಿಟ್ಟು ತುಸು ಮೇಲೇರಿದ ಲಿಫ್ಟ್ ಗಕ್ಕನೆ ನಿಂತಿತು. ಒಳಗಿದ್ದವರು ಇಬ್ಬರೇ. ಲಿಫ್ಟಿನ ತುರ್ತು ಕರೆ ಯಂತ್ರಕ್ಕೆ ಹೊಸ ಸಿಮ್ ಹಾಕಿ ನೆಟ್‌ವರ್ಕ್ ಪರೀಕ್ಷಿಸಲು ಬಂದಿದ್ದ ಟೆಕ್ನಿಷಿಯನ್, ಮತ್ತು ಕರಿಬೇವು ಕಿತ್ತುಕೊಂಡು ಹೊರಟಿದ್ದ ಮೂರನೇ ಮಹಡಿಯ ಗೃಹಿಣಿ.

“ಹಾಲು ಒಲೆ ಮೇಲಿದೆ. ಮಗು ಒಂದೇ ಇದೆ ಮನೇಲಿ,” ಎಂದು ಅವಳು ಬಾಗಿಲು ಬಡಿದಳು. ಹೊರಗಿನಿಂದ ಉತ್ತರವಿಲ್ಲ. “ಫೋನೂ ತಂದಿಲ್ಲ. ನಿಮ್ಮದರಿಂದ ಮಾಡಿ.”

“ನಂದು ಕೆಳಗೆ ವಾಚ್‌ಮನ್ ಟೇಬಲ್ ಮೇಲೆ ಚಾರ್ಜಿಗಿದೆ. ಅವರು ಊಟಕ್ಕೆ ಹೋಗಿದಾರೆ. ಗಾಬರಿ ಆಗ್ಬೇಡಿ ಮೇಡಂ, ಈ ಬಟನ್ ಇದೆಯಲ್ಲ. ಒತ್ತಿದ್ರೆ ನೇರ ಕಂಟ್ರೋಲ್ ರೂಮಿಗೆ ಕಾಲ್.”

“ಹೋಗೇ ಹೋಗುತ್ತಾ?”

“ಬೆಳಿಗ್ಗೆಯಿಂದ ಒತ್ತಿ ಒತ್ತಿ ನೋಡಿದೀನಿ. ಒಂದು ಸಲಾನೂ ತಪ್ಪಿಲ್ಲ. ಸಿಗ್ನಲ್ ಫುಲ್.”

ಅವನು ಕೆಂಪು ಬಟನ್ ಒತ್ತಿದ. ಅವಳು ಕರಿಬೇವನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದಳು.

“ಅಷ್ಟು ಸಲ ಕಾಲ್ ಹೋದ್ರೆ ಅಲ್ಲಿನವರು ಬೈಯಲ್ವಾ?”

“ಬೈತಾರೆ. ಅದಕ್ಕೇ ಟೆಸ್ಟಿಂಗ್ ಮುಗಿಯೋ ತನಕ ಅವರ ನಂಬರ್ ತೆಗೆದು ನನ್ನ…”



ಕೆಳಗೆ, ಯಾರೂ ಇಲ್ಲದ ವಾಚ್‌ಮನ್ ಟೇಬಲ್ ಮೇಲೆ, ಅವನ ಫೋನು ರಿಂಗಾಗುತ್ತಿತ್ತು.