ಬೊಮ್ಮಪ್ಪನ ಮೊಳಕೋಲು

ನಾಗಲಿಂಗಾಚಾರಿ ಬಾಗಿಲುವಾಡದ ಕಂಬವನ್ನು ಗೋಡೆಗೆ ಹಿಡಿದು ನೋಡಿದ. ಇಳಿಸಿ, ಮತ್ತೆ ಹಿಡಿದ. ಎಷ್ಟು ಸಲ ಹಿಡಿದರೂ ಅದು ಗೋಡೆಯಲ್ಲಿ ಬಿಟ್ಟ ಜಾಗಕ್ಕಿಂತ ಎಂಟು ಬೆರಳು ಗಿಡ್ಡ. ಅದರ ಜೋಡಿ ಕಂಬವೂ ಅಷ್ಟೇ.

"ಹಾಳಾಗೋಯ್ತು!" ಉಳಿಯನ್ನು ನೆಲಕ್ಕೆಸೆದ. "ನಲವತ್ ವರ್ಸ ಆಯ್ತು ಉಳಿ ಹಿಡ್ದು. ಕೊರಟಗೆರೆ ಸೀಮೇಲಿ ನಾನಿಕ್ಕಿದ ಬಾಗ್ಲು ಒಂದಾದ್ರೂ ಗಿಡ್ಡ ಬಂದೈತಾ, ನೀನೇ ಯೋಳು ಬೊಮ್ಮಪ್ಪ!"

ಮನೆ ಕಟ್ಟಿಸುತ್ತಿದ್ದವನು ಬೊಮ್ಮಪ್ಪ. ನಾಳೆ ಬೆಳಗಾದರೆ ಬಾಗಿಲು ನಿಲ್ಲಿಸುವ ಮುಹೂರ್ತ. ಇದ್ದದ್ದು ಒಂದೇ ಹೊನ್ನೆ ಮರ, ಹೆಂಡತಿ ಮುದ್ದಕ್ಕನ ತವರಿನ ಹೊಲದ್ದು. 'ಇದು ನನ್ ಮಗಳ ಮನೆ ಬಾಗ್ಲಿಗೆ' ಅಂತ ಅವಳಪ್ಪ ಸಾಯುವಾಗ ಹೇಳಿ ಹೋದ ಮರ. ಅದನ್ನು ಕಡಿಯುವ ಪರವಾನಗಿಗೆ ಬೊಮ್ಮಪ್ಪ ಅಮಲ್ದಾರರ ಕಚೇರಿಗೆ ಅಲೆದು ಅಲೆದು ಮೆಟ್ಟು ಸವೆಸಿದ್ದ. ಈಗ ಆ ಮರದಲ್ಲಿ ಉಳಿದಿರುವುದು ಬರೀ ಚಕ್ಕೆ.

"ಅಳತೆ ಎಲ್ಲಿ ತಪ್ತು ಅಂತ..." ಬೊಮ್ಮಪ್ಪ ಮೆಲ್ಲಗೆ ಬಾಯಿ ತೆರೆದ.

"ನನ್ ಕೈಲಿ ತಪ್ಪಾಕಿಲ್ಲ! ಆ ಕೋಲು ತತ್ತಾ ಇಲ್ಲಿ."

ಕೋಲೆಂದರೆ ಮೊಳಕೋಲು. ಮನೆ ಕಟ್ಟುವಾಗ ಅಳತೆಯೆಲ್ಲ ಯಜಮಾನನ ಮೊಳದಲ್ಲೇ ಆಗಬೇಕು. ಅದಕ್ಕೇ ಪಾಯ ತೋಡುವ ಮುಂಚೆ ಆಚಾರಿ ಬೊಮ್ಮಪ್ಪನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದು ಬಿದಿರ ಕೋಲೊಂದನ್ನು ಕತ್ತರಿಸಿದ್ದ. ಗೆದ್ದಲು ಹತ್ತದಿರಲಿ ಎಂದು ಅಂಗಳದ ನೀರೊಲೆಯ ಪಕ್ಕ, ಹೊಗೆ ತಾಗುವಲ್ಲಿ ಅದನ್ನು ಒರಗಿಸಿದವನೂ ಅವನೇ. ಬಾಗಿಲಿಗೆ ನಾಲ್ಕು ಮೊಳ ಜಾಗ ಬಿಡಿ ಎಂದು ಗೋಡೆ ಕಟ್ಟುವವರಿಗೆ ಅದರಲ್ಲೇ ಅಳೆದುಕೊಟ್ಟಿದ್ದ. ಆಮೇಲೆ ಮೂರು ತಿಂಗಳು ಅದೇ ಅಂಗಳದಲ್ಲಿ ತೊಲೆ, ಜಂತೆಗಳ ಕೆಲಸ. ನಿನ್ನೆ ಅದೇ ಕೋಲಿನಲ್ಲಿ ಅದೇ ನಾಲ್ಕು ಮೊಳ ಎಣಿಸಿ ಕಂಬ ಕೊಯ್ದಿದ್ದ.

ಈಗ ಬೊಮ್ಮಪ್ಪನ ಕೈಗೆ ಹಿಡಿದರೆ ಕೋಲು ಎರಡು ಬೆರಳು ಕಡಿಮೆ. ತುದಿ ಕರ್ರಗೆ ಸುಟ್ಟುಹೋಗಿತ್ತು.

"ಮೊಳಕ್ಕೆರಡು ಬೆರಳು, ನಾಕ್ ಮೊಳಕ್ಕೆಂಟು!" ಆಚಾರಿ ಮುದ್ದಕ್ಕನ ಕಡೆ ತಿರುಗಿದ. "ಒಲೆ ಕೆದಕಾಕೆ ಬೇರೆ ಕಡ್ಡಿ ಸಿಗ್ಲಿಲ್ವೇನಮ್ಮ ನಿಂಗೆ? ಕೊಯ್ದ ಮರ ಇನ್ನು ಬೆಳೀತದಾ? ನಿಮ್ಮಪ್ಪ ಕೊಟ್ಟ ಮರಾನ ನೀನೇ ಒಲೆಗಿಕ್ದಂಗಾಯ್ತು ಕಣಮ್ಮ!"

ಆ ಮಾತಿಗೆ ಮುದ್ದಕ್ಕನ ಕಣ್ಣು ತುಂಬಿತು. "ದೇವ್ರಾಣೆಗೂ ನಾನು ಮುಟ್ಟಿಲ್ಲ ಆಚಾರ್ರೇ. ಯಜಮಾನ್ರ ಕೋಲು ಅಂತ ದಾಟೂ ಇಲ್ಲ."

"ಅಂಗಾರೆ ಕೋಲೇ ಎದ್ದೋಗಿ ಒಲೇಲಿ ಬಿತ್ತಾ? ಮಂಗನ ಕೈಗೆ ಮಾಣಿಕ್ಯ ಕೊಟ್ಟಂಗಾಯ್ತು! ಬೊಮ್ಮಪ್ಪ, ನೀನಾದ್ರೂ ಮನೆ ಕಡೆ ವಸಿ ಕಣ್ಣಿಕ್ಕಬಾರ್ದಾ?"

ಬೊಮ್ಮಪ್ಪ ತಲೆ ತಗ್ಗಿಸಿದ. ಹೆಂಡತಿಯ ಮೇಲೆ ಅವನಿಗೂ ಸಿಟ್ಟು ಬರತೊಡಗಿತ್ತು.

ಬೈದು ಬೈದು ಆಚಾರಿಗೆ ಗಂಟಲು ಒಣಗಿತು. ಕಿವಿಯ ಸಂದಿನ ಬೀಡಿ ತೆಗೆದು ತುಟಿಗಿಟ್ಟುಕೊಂಡ. ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಈ ಮನೆ ಸವಾಸ ಸಾಕಪ್ಪಾ ಸಾಕು" ಎಂದು ಗೊಣಗುತ್ತಲೇ, ಕೈಯಲ್ಲಿದ್ದ ಕೋಲನ್ನು ಒಲೆಯೊಳಕ್ಕೆ ತೂರಿಸಿ ಕೆಂಡವೊಂದನ್ನು ಈಚೆಗೆಳೆದ. ಬಗ್ಗಿ ಬೀಡಿ ಹಚ್ಚಿದ. ಕೋಲಿನ ತುದಿಗೆ ಹತ್ತಿದ್ದ ಕಿಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಉದುರಿಸಿ, ಅದನ್ನು ಒಲೆಯ ಪಕ್ಕ ಎಂದಿನ ಜಾಗಕ್ಕೆ ಒರಗಿಸಿದ.

ಬೊಮ್ಮಪ್ಪ ಕೋಲನ್ನೇ ನೋಡುತ್ತಿದ್ದ.

ಮುದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಚಾರ್ರೇ," ಎಂದಳು, "ಇನ್ನರ್ಧ ಬೆರಳು ಹೋಯ್ತು."