ಮೇಲೆತ್ತಿದ ಹೆಬ್ಬೆರಳು

ಹಗ್ಗ ಹಿಡಿದು ಸಮುದ್ರದೊಳಕ್ಕೆ ಇಳಿಯುತ್ತಿದ್ದ ಮೂವರಲ್ಲಿ ಹೆಬ್ಬೆರಳು ಮೇಲೆತ್ತಿದವಳು ಹೆಂಡತಿ. ನೆಲದ ಮೇಲಾದರೆ ಅದು 'ಭೇಷ್' ಎನ್ನುವ ಸನ್ನೆ. ನೀರೊಳಗೆ ಅದಕ್ಕೆ ಒಂದೇ ಅರ್ಥ: ಸಾಕು, ಮೇಲೆ ಹೋಗೋಣ. ಯಾರು ತೋರಿಸಿದರೂ ಯಾಕೆ ಏನು ಎನ್ನದೆ ಎಲ್ಲರೂ ಹೊರಡಬೇಕು. ತರಬೇತುದಾರ ಆಗಲಿ ಎಂದು ಸನ್ನೆ ಮಾಡಿದ. ಅವಳ ಗಂಡನಿಗೆ ಹೋದ ಜೀವ ಬಂದಂತಾಯಿತು.

ಶಾರ್ಕ್ ನೋಡುವ ಹುಚ್ಚು ಇದ್ದದ್ದು ಅವನಿಗೆ. ಅವನದು ಕನ್ನಡಕದ ಅಂಗಡಿ. ಬಂದವರ ಕಣ್ಣು ಪರೀಕ್ಷಿಸುತ್ತಲೇ ಶಾರ್ಕ್ ಪುರಾಣ ಬಿಚ್ಚುತ್ತಿದ್ದ. ಕಾರು ಓಡಿಸುವುದನ್ನು ಕಲಿಸುವ ಹೆಂಡತಿಗೆ ನೀರೆಂದರೆ ಮಾರು ದೂರ. ಜೋಡಿಯಿಲ್ಲದೆ ಆಳಕ್ಕೆ ಇಳಿಯುವಂತಿಲ್ಲ ಎಂದು ತಿಳಿದಾಗ, ಇವರೊಬ್ಬರನ್ನೇ ಕಳಿಸುವುದು ಹೇಗೆಂದು ಅವಳೂ ಹೊರಟಳು. ಊರಿನ ಈಜುಕೊಳದಲ್ಲಿ, ಮಾಸ್ಕಿನೊಳಗೆ ನುಗ್ಗಿದ ನೀರನ್ನು ಮೂಗಿನಿಂದ ಉಸಿರೂದಿ ಹೊರಹಾಕುವ ಪಾಠ ಅವನಿಗೆ ಒಂದೇ ದಿನದಲ್ಲಿ ಬಂತು. ಅವಳಿಗೆ ಬರಲಿಲ್ಲ. ಮೂಗಿಗೆ ನೀರೇರಿ, ಕೆಮ್ಮಿ, ಕಣ್ಣು ಕೆಂಡವಾಗಿ ಮೇಲೆ ಬರುವಳು; ಅಂಚಿಗೆ ಒರಗಿ ಸುಧಾರಿಸಿಕೊಂಡು ಮತ್ತೆ ಮುಳುಗುವಳು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಬಕೆಟ್ಟಿಗೆ ಮುಖ ಅದ್ದಿ ಅಭ್ಯಾಸ ಮಾಡಿದಳು. ಬುಳುಬುಳು ಸದ್ದು ಕೇಳಿ ಅವನು ಹೊರಗೆ ನಿಂತು ನಕ್ಕಿದ್ದ.

ಅಲ್ಲಿ ಕಲಿಸಿದ ತರಬೇತುದಾರ ಹುಡುಗನೇ ಈಗ ಅವರನ್ನು ವಿಮಾನ ಹತ್ತಿಸಿ ಈ ದೂರದ ಕಡಲಿಗೆ ಕರೆತಂದಿದ್ದ. ವಯಸ್ಸಿನಲ್ಲಿ ಮಗನಂತಿದ್ದರೂ ಗಂಡ ಹೆಂಡತಿ ಇಬ್ಬರಿಗೂ ಅವನು 'ಗುರುಗಳು'. ನಾಳೆ ಶಾರ್ಕುಗಳಿರುವ ಆಳಕ್ಕೆ ಇಳಿಯಬೇಕಾದರೆ ಇವತ್ತು ಅಷ್ಟೇ ಆಳದ ಅಭ್ಯಾಸ ಮುಗಿಯಲೇಬೇಕು ಎಂದು ಅವನ ಕಟ್ಟಪ್ಪಣೆ.

ಹಗ್ಗ ಹಿಡಿದು ಇಳಿಯುವಾಗ ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಮೇಲಿನ ಬೆಳಕು ಮಸುಕಾಗಿ, ಕೆಳಗೆ ತಳವೇ ಇಲ್ಲದ ನೀಲಿ ಕಂಡಾಗ ಗಂಡನ ಎದೆ ಡವಗುಟ್ಟತೊಡಗಿತು. ಉಸಿರು ಎಷ್ಟೆಳೆದರೂ ಸಾಲದು. ಬಾಯಲ್ಲಿ ಕಚ್ಚಿದ್ದ ಗಾಳಿಯ ಕೊಳವೆಯನ್ನೇ ಕಿತ್ತೆಸೆಯಲು ಕೈ ಎದ್ದಿತು. ಹೆಬ್ಬೆರಳು ಎತ್ತಬಹುದೆಂಬುದು ಹೊಳೆಯಲೇ ಇಲ್ಲ. ಎದ್ದ ಕೈಯನ್ನು ಹೆಂಡತಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ತಾನೇ ಸನ್ನೆ ಮಾಡಿದಳು. ಆಮೇಲೆ, ಆತುರದಿಂದ ಏರಿದರೆ ಜೀವಕ್ಕೇ ಅಪಾಯ ಎಂಬುದನ್ನೂ ಮರೆತು ಬಾಣದಂತೆ ಮೇಲಕ್ಕೆ ನುಗ್ಗಲು ಹೊರಟವನ ತೋಳು ಬಿಡದೆ, ಅವನ ಕಣ್ಣೆದುರು ಅಂಗೈಯನ್ನು ಮೆಲ್ಲಗೆ ಏರಿಸಿ ಇಳಿಸುತ್ತ ಉಸಿರಾಡಿಸಿದಳು. ಸ್ಟೀರಿಂಗ್ ಬಿಗಿಹಿಡಿದು ಬೆವರುವ ಎಷ್ಟೋ ಜನರ ಪಕ್ಕ ಕೂತವಳು ಅವಳು.

ದೋಣಿ ಹತ್ತಿದ ಮೇಲೆ ತರಬೇತುದಾರ ಏನಾಯಿತೆಂದು ವಿಚಾರಿಸಿದ.

"ನಂಗೆ ಕಿವಿ ನೋವು ಬಂತು," ಎಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

ದೋಣಿಯಲ್ಲಿದ್ದ ಬೇರೆಯವರು ಅಯ್ಯೋ ಎಂದರು; ಯಾರೋ ಅವಳಿಗೆ ಟವೆಲ್ ಕೊಟ್ಟರು. ಗಂಡನೂ ಸುಮ್ಮನಿರಲಾರದೆ, ಇವಳ ಕಿವಿ ಮೊದಲಿನಿಂದಲೂ ಸೂಕ್ಷ್ಮ ಎಂದು ಒಗ್ಗರಣೆ ಹಾಕಿದ. ತರಬೇತುದಾರ ಬೇಸರದಿಂದಲೇ ತೀರ್ಪು ಕೊಟ್ಟ: ಆಳದ ಒತ್ತಡಕ್ಕೆ ಬಂದ ಕಿವಿ ನೋವೆಂದರೆ ಹುಡುಗಾಟವಲ್ಲ, ಅಮ್ಮ ನಾಳೆ ಇಳಿಯುವ ಹಾಗಿಲ್ಲ. ಸಾರ್ ಬೇಕಾದರೆ ಮಧ್ಯಾಹ್ನ ಅಭ್ಯಾಸ ಮುಗಿಸಿ ನಾಳೆ ತನ್ನ ಜೊತೆ ಬರಬಹುದು.

ಹೆಂಡತಿ ತಲೆಯಾಡಿಸಿ, ಒದ್ದೆ ಕೂದಲು ಹಿಂಡಿಕೊಳ್ಳುತ್ತ ಕೂತಳು. ಮೂಗಿಗೆ ನೀರೇರಿಸಿಕೊಂಡು ಕಲಿತದ್ದನ್ನೆಲ್ಲ ಒಂದು ಮಾತಿಗೆ ಬಿಟ್ಟುಕೊಟ್ಟವಳ ಮುಖದಲ್ಲಿ ಉಪಕಾರ ಮಾಡಿದ ಗತ್ತು ಇರಲಿಲ್ಲ. ಅವನು ಆ ಮುಖವನ್ನೇ ನೋಡಿದ.

"ಗುರುಗಳೇ, ಅವಳ ಕಿವಿಗೆ ಏನೂ ಆಗಿಲ್ಲ. ಹೆದರಿದ್ದು ನಾನು."

ದೋಣಿಯಲ್ಲಿ ಯಾರೂ ನಗಲಿಲ್ಲ.

"ಯಾರು ಯಾರನ್ನ ಹಿಡ್ಕೊಂಡಿದ್ರು ಅಂತ ನಂಗೂ ಕಾಣ್ತಿತ್ತು ಸಾರ್," ಎಂದ ತರಬೇತುದಾರ. "ಆದ್ರೆ ಅಮ್ಮ ಕಿವಿ ನೋವು ಅಂದ್ಮೇಲೆ ನಾನು ಇಲ್ಲ ಅನ್ನೋಕಾಗಲ್ಲ." ಆಮೇಲೆ ಅವಳತ್ತ ತಿರುಗಿ, ಅಷ್ಟು ಆಳದಲ್ಲಿ ಅಷ್ಟು ಸಮಾಧಾನ ಹಳೆಯ ಮುಳುಗುಗಾರರಲ್ಲೂ ಅಪರೂಪ ಎಂದ. ಮಧ್ಯಾಹ್ನದ ಅಭ್ಯಾಸಕ್ಕೆ ಅವಳೇ ತಯಾರಾಗಬೇಕೆಂದ.

ಅವಳು ಗಂಡನ ಕಡೆ ಸರಿದು ದನಿ ತಗ್ಗಿಸಿದಳು. "ನಿಮಗ್ಯಾಕೆ ಬೇಕಿತ್ತು ರೀ ಇದು? ನೀವಿಲ್ದೆ ನಾನೊಬ್ಬಳೇ ಶಾರ್ಕ್ ನೋಡೋಕೆ ಬಂದೋಳಾ?"

"ಇಬ್ಬರಲ್ಲಿ ಒಬ್ಬರಾದ್ರೂ ನೋಡ್ಕೊಂಡು ಬಂದು ಹೇಳ್ಬೇಕಲ್ವೇ."

ಅವಳು ಮಧ್ಯಾಹ್ನ ಇಳಿದು ಅಭ್ಯಾಸ ಮುಗಿಸಿದಳು. ಮರುದಿನ ಅವನು ದೋಣಿಯಲ್ಲೇ ಉಳಿದ. ಅವಳ ಬೆನ್ನಿನ ಗಾಳಿ ಸಿಲಿಂಡರಿನ ಪಟ್ಟಿ ಬಿಗಿಯಾಗಿದೆಯೇ ಎಂದು ಎಳೆದು ನೋಡಿದ. ಮಾಸ್ಕಿನ ಗಾಜು ಮಂಜಾಗದಂತೆ, ಅಂಗಡಿಯಲ್ಲಿ ಒರೆಸುವುದಕ್ಕಿಂತ ಮುತುವರ್ಜಿಯಿಂದ ತೊಳೆದುಕೊಟ್ಟ. ಅವಳು ಬೆನ್ನ ಮೇಲೆ ಹಿಂದಕ್ಕೆ ಉರುಳಿ ನೀರಿಗೆ ಬಿದ್ದಳು. ಸ್ವಲ್ಪ ಹೊತ್ತಿಗೆ ಗುಳ್ಳೆಗಳು ಮಾತ್ರ ಉಳಿದವು. ಅವಳ ಗುಳ್ಳೆ ಯಾವುದೆಂದು ತಿಳಿಯದೆ ಅವನು ಎಲ್ಲವನ್ನೂ ಕಾಯುತ್ತ ಕೂತ.

ಮೇಲೆ ಬಂದವಳ ಕೆನ್ನೆಯಲ್ಲಿ ಮಾಸ್ಕಿನ ಅಚ್ಚು ಕೆಂಪಗೆ ಮೂಡಿತ್ತು. ಎಷ್ಟು ದೊಡ್ಡದಿತ್ತು ಎಂದು ಅವನು ಕೇಳಿದ. ಅವಳು ಎರಡೂ ತೋಳು ಚಾಚಿದಳು. ಅತ್ತ ಇತ್ತ ನೋಡಿದಳು, ಸಾಲಲಿಲ್ಲ. ಅವನನ್ನು ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡು, ಅವನ ತೋಳುಗಳನ್ನೂ ತನ್ನ ತೋಳಿನ ಸಾಲಿಗೆ ಉದ್ದಕ್ಕೆ ಬಿಡಿಸಿ, ಅವನ ಬೆರಳ ತುದಿಯವರೆಗೆ ಕಣ್ಣು ಹಾಯಿಸಿದಳು.

"ಇನ್ನೂ ಸ್ವಲ್ಪ ಚಾಚಿ," ಎಂದಳು.